ಅರಿಷಿಣ-ಕುಂಕುಮದ ಹೊಲ

ತಿರ್ಲಾಪುರದ ಮಹಾದೇವಕ್ಕನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆದರೂ ಧಾರವಾಡದ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ಆಕೆ ಇಬ್ಬರನ್ನು ಓದಿಸಿದಳು. ಒಬ್ಬ ಆಕೆಯ ತಮ್ಮ ಶಂಕ್ರಪ್ಪ. ಇನ್ನೊಬ್ಬ ನಾನು, ಅಣ್ಣಿಗೇರಿಯ ಇಸ್ಮಾಯಿಲಸಾಬ. ಶಂಕ್ರಪ್ಪ ವಕೀಲನಾದ. ನಾನು ನವಲಗುಂದದ ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಟೈಪ್ ಮಷೀನು ಇಟ್ಟುಕೊಂಡು ಕುಳಿತೆ. ಆಕೆ ಏನಾದಳು ಎಂಬುದನ್ನು ಹೇಳುತ್ತೇನೆ. ಹೇಳುವವನು ಒಳ್ಳೆಯವನೆಂದು ಮಾತ್ರ ತಿಳಿಯಬೇಡಿ.

ಓದಿಸಿದಳು ಎಂದರೆ ಫೀ ಕಟ್ಟಿದಳೆಂದಲ್ಲ. ನಮ್ಮ ಕಡೆಯ ಹಳ್ಳಿಗಳಿಂದ ಧಾರವಾಡಕ್ಕೆ ಓದಲು ಹೋದ ಹುಡುಗರಿಗೆ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಊರಲ್ಲಿ ರಾತ್ರಿ ವಸ್ತಿ ಉಳಿದ ಬಸ್ಸು ಬೆಳಗಿನ ಆರಕ್ಕೆ ಹೊರಡುವ ಹೊತ್ತಿಗೆ ಮನೆಯ ಹೆಂಗಸರು ಅರಿವೆಯಲ್ಲಿ ಕಟ್ಟಿದ ಡಬ್ಬಿಗಳನ್ನು ತಂದು ಡ್ರೈವರನ ಬಾಜೂಕ್ಕೆ ಇಡುತ್ತಾರೆ. ಧಾರವಾಡದ ಸ್ಟ್ಯಾಂಡಿನಲ್ಲಿ ನಾವು ಕಾದು ನಿಂತು, ಅರಿವೆಯ ಗುರುತು ಹಿಡಿದು ನಮ್ಮ ಡಬ್ಬಿ ಇಳಿಸಿಕೊಂಡು, ನಿನ್ನೆಯ ಖಾಲಿ ಡಬ್ಬಿ ಏರಿಸುತ್ತಿದ್ದೆವು. ೧೯೮೨ರಿಂದ ೮೫ರವರೆಗೆ ಮಹಾದೇವಕ್ಕ ಕಾಲೇಜಿದ್ದ ಒಂದು ದಿನವನ್ನೂ ತಪ್ಪಿಸಲಿಲ್ಲ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೊದಲ ತಿಂಗಳು ಆರು ರೊಟ್ಟಿ ಬರುತ್ತಿದ್ದವು. ತಮ್ಮನ ಕೋಣೆಯಲ್ಲಿ ಒಬ್ಬ ಸಾಬರ ಹುಡುಗ ಇದ್ದಾನೆ, ಅವನ ತಾಯಿ ಖಾದರಬಿ ಕಾಳಿನ ಅಂಗಡಿಯಲ್ಲಿ ಹಸನು ಮಾಡುವ ಕೂಲಿಗೆ ಹೋಗುತ್ತಾಳೆ, ಆಕೆಗೆ ಬುತ್ತಿ ಕಟ್ಟಲು ಪುರಸೊತ್ತಿಲ್ಲ ಎಂದು ಗೊತ್ತಾದ ಮೇಲೆ ಹನ್ನೆರಡು ಬರತೊಡಗಿದವು. ಕಳಿಸು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಆಕೆಗೆ ಆಗ ಇಪ್ಪತ್ತೈದು ಇದ್ದೀತು. ಹದಿನಾರಕ್ಕೇ ಕುಂದಗೋಳ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಲಗ್ನದಲ್ಲಿ ತಂದೆ ಈರಪ್ಪ ಹಳ್ಳದ ದಂಡೆಯ ನಾಲ್ಕು ಎಕರೆ ಎರಿಹೊಲವನ್ನು ಮಗಳ ಹೆಸರಿಗೆ ಬಕ್ಷೀಸ ಪತ್ರ ಮಾಡಿ ಕೊಟ್ಟಿದ್ದ. ಇದನ್ನು ನಮ್ಮಲ್ಲಿ ಅರಿಷಿಣ-ಕುಂಕುಮಕ್ಕೆ ಕೊಟ್ಟ ಹೊಲ ಎನ್ನುತ್ತಾರೆ. ಉಳುವುದು, ಬಿತ್ತುವುದು ತವರಿನವರದು; ಸುಗ್ಗಿ ಬಂದಾಗ ಫಲ ಮಗಳಿಗೆ ಮುಟ್ಟಬೇಕು. ಎಂಟು ವರ್ಷಕ್ಕೆ ಗಂಡ ಕಾಮಣಿ ಬೇನೆಯಿಂದ ಸತ್ತ. ಮಕ್ಕಳಿರಲಿಲ್ಲ. ಗಂಡನ ಮನೆಯವರು ಟ್ರಂಕು ಕೈಗೆ ಕೊಟ್ಟು ಬಸ್ಸು ಹತ್ತಿಸಿದರು. ಅಷ್ಟರಲ್ಲಿ ಈರಪ್ಪನೂ ಇರಲಿಲ್ಲ. ತಾಯಿ ರೇವವ್ವ ಮೊದಲ ದಿನ ಮಗಳನ್ನು ತಬ್ಬಿಕೊಂಡು ಅತ್ತಳು. ಎರಡನೆಯ ದಿನ ಕಸಬರಿಗೆ ಕೊಟ್ಟಳು.

ತಿಂಗಳು ತುಂಬುವುದರೊಳಗೆ ಊರ ಹಿರಿಯರು ಮನೆಗೆ ಬಂದು ಮಾತು ತೆಗೆದರು. ಹೊಲ ಕೊಟ್ಟದ್ದು ಕುಂಕುಮಕ್ಕೆ. ಹಣೆಯ ಮೇಲೆ ಕುಂಕುಮವೇ ಇಲ್ಲದ ಮೇಲೆ ಹೊಲ ತವರಿಗೆ ತಿರುಗಬೇಕು, ಹಿಂದಿನಿಂದ ನಡೆದು ಬಂದ ರೂಢಿ ಇದು ಎಂದರು. ರೇವವ್ವ ಹೌದು ಹೌದು ಎಂದು ತಲೆಯಾಡಿಸಿದಳು. ಮಹಾದೇವಕ್ಕ ಬಾಗಿಲ ಮರೆಯಿಂದಲೇ ಅಂದಳಂತೆ:

"ನಮ್ಮ ಶಂಕ್ರ ಕಾಯ್ದಿ ಕಲಿಯಾಕ ಹೊಂಟಾನ್ರಿ. ಕಲಿತು ಬರಲಿ. ಕಾಯ್ದಿ ಏನ ಹೇಳತೈತಿ ಅಂತ ಅಂವನ ಹೇಳಲಿ. ಬಿಡು ಅಂದ್ರ ಆ ದಿನಾನ ಬಿಡತೀನಿ."

"ಆತು ಬಿಡವಾ, ಮೂರ ವರ್ಷ ತಾನ? ಕಾಯೂಣು," ಎಂದು ಒಬ್ಬ ಹಿರಿಯ ನಕ್ಕ. ಉಳಿದವರೂ ನಕ್ಕರು. ಹೊಲ ಯಾರಿಗೆ ತಿರುಗಬೇಕೋ ಅವನನ್ನೇ ನ್ಯಾಯ ಹೇಳು ಎಂದು ಕೂರಿಸುವವರನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಮಹಾದೇವಕ್ಕನಿಗೆ ಮಾತ್ರ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಕಾಯ್ದೆ ಕಲಿತವನಿಗೆ ಕಾಯ್ದೆಯ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ ಎಂದು ಆಕೆ ನಂಬಿದ್ದಳು. ಕೋರ್ಟಿನ ಮೆಟ್ಟಿಲು ತುಳಿಯದವರು ಮಾತ್ರ ಮಾಡುವ ತಪ್ಪು ಇದು.

ಕಾಲೇಜಿನಲ್ಲಿ ಶಂಕ್ರಪ್ಪ ಅಗದಿ ಚುರುಕು. ನಾನು ಮೂರು ಸಲ ಓದಿದ್ದು ಅವನಿಗೆ ಒಮ್ಮೆ ಕೇಳಿದರೆ ಸಾಕು. ಎರಡನೆಯ ವರ್ಷ ಹಿಂದೂ ಕಾಯ್ದೆಯ ಪಾಠ ನಡೆಯಿತು. ಐವತ್ತಾರನೆಯ ಇಸವಿಯ ಕಾಯ್ದೆ. ಹೆಂಗಸಿನ ಹೆಸರಿಗೆ ಬಂದ ಆಸ್ತಿಗೆ ಆಕೆಯೇ ಪೂರ್ಣ ಒಡತಿ, ಗಂಡ ಸತ್ತರೂ ಅದನ್ನು ಕಸಿದುಕೊಳ್ಳಲು ಯಾರಿಗೂ ಬರುವುದಿಲ್ಲ. ಅಂದು ಸಂಜೆ ಅಕ್ಕನ ರೊಟ್ಟಿ ಮುರಿಯುತ್ತ ಶಂಕ್ರಪ್ಪ ಎಂದ, "ಲೇ ಇಸ್ಮಾಯಿಲ್ಯಾ, ನಮ್ಮ ಅಕ್ಕಂದು ಭಾರಿ ಕೇಸ್ ಐತಲೇ. ಅಣಕು ಕೋರ್ಟಿಗೆ ಇದನ್ನ ತಗೋತೀನಿ."

ತೆಗೆದುಕೊಂಡ. ಹೆಸರು, ಊರು ಬದಲಿಸಿದ, ಅಷ್ಟೇ. ಸ್ಪರ್ಧೆ ನಡೆದದ್ದು ನಾಗರಪಂಚಮಿಯ ಮರುದಿನ. ನಮ್ಮ ಕಡೆ ಪಂಚಮಿ ಅಣ್ಣತಮ್ಮ, ಅಕ್ಕತಂಗಿಯರ ಹಬ್ಬ. ಅಂದು ಡಬ್ಬಿಯನ್ನು ಬಸ್ಸಿನವರ ಕೈಗೆ ಕೊಡದೆ ಮಹಾದೇವಕ್ಕ ತಾನೇ ಉಂಡಿ ಕಟ್ಟಿಕೊಂಡು ಬಂದಿದ್ದಳು. ನಾನು ಆಕೆಯನ್ನು ಸಭಾಂಗಣದ ಕಡೆಯ ಬೆಂಚಿನಲ್ಲಿ ಕೂರಿಸಿದೆ. ಹಣೆಗೆ ವಿಭೂತಿ, ತಲೆ ತುಂಬ ಸೆರಗು, ತೊಡೆಯ ಮೇಲೆ ಉಂಡಿಯ ಗಂಟು. ಶಂಕ್ರಪ್ಪ ಕರಿ ಕೋಟು ಹಾಕಿಕೊಂಡು ಅರ್ಧ ತಾಸು ಇಂಗ್ಲಿಷಿನಲ್ಲಿ ವಾದಿಸಿದ. ವಿಧವೆಯ ಹಣೆಯ ಕುಂಕುಮ ಅಳಿಸಬಹುದು, ದಫ್ತರಿನಲ್ಲಿರುವ ಆಕೆಯ ಹೆಸರನ್ನು ಅಳಿಸಲಾಗದು ಎಂದ. ರೂಢಿಯ ಹೆಸರಿನಲ್ಲಿ ಒಡಹುಟ್ಟಿದವಳ ತುತ್ತು ಕಸಿಯುವವನನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಕೇಳಿ, ದನಿ ಗದ್ಗದ ಮಾಡಿಕೊಂಡ. ಹುಡುಗರು ಬೆಂಚು ಬಡಿದರು. ಮೊದಲ ಬಹುಮಾನ ಅವನಿಗೇ ಬಂತು. ಒಂದು ಅಕ್ಷರ ತಿಳಿಯದಿದ್ದರೂ ಮಹಾದೇವಕ್ಕ ಎಲ್ಲರಿಗಿಂತ ಜಾಸ್ತಿ ಹೊತ್ತು ಚಪ್ಪಾಳೆ ತಟ್ಟಿದಳು.

ಹೊರಗೆ ಬಂದ ಮೇಲೆ ಕೇಳಿದಳು, "ಏನ ಮಾತಾಡಿದ್ಯೋ ಶಂಕ್ರಾ?"

"ಯಾವುದೋ ಹೊಲದ ತಂಟಿ ಅಕ್ಕಾ."

"ಹೊಲ ಯಾರಿಗೆ ಸಿಕ್ತು?"

"ಒಬ್ಬಾಕಿ ಹೆಣ್ಣಮಗಳಿಗೆ."

"ಚಲೋ ಆತು ಬಿಡು, ಪಾಪ," ಎಂದು ಉಂಡಿಯ ಗಂಟು ಬಿಚ್ಚಿದಳು.

ಅಷ್ಟರಲ್ಲಿ ಹುಬ್ಬಳ್ಳಿಯ ಸಹಪಾಠಿಯೊಬ್ಬ ಬಂದು ಇವರು ಯಾರು ಎಂದು ಕೇಳಿದ. ನಮ್ಮ ಮನೆಯಲ್ಲಿ ರೊಟ್ಟಿ ಮಾಡುವ ಹೆಂಗಸು ಎಂದು ಶಂಕ್ರಪ್ಪ ಇಂಗ್ಲಿಷಿನಲ್ಲಿ ಹೇಳಿದ. ತಮ್ಮ ತನ್ನ ಗುರುತು ಹೇಳುತ್ತಿದ್ದಾನೆಂದು ತಿಳಿದು ಆಕೆ ಆ ಹುಡುಗನಿಗೆ ನಕ್ಕು, ಒಂದು ಉಂಡಿ ಕೊಟ್ಟಳು. ಶಂಕ್ರಪ್ಪ ಹೇಳಿದ್ದು ಸುಳ್ಳೂ ಅಲ್ಲ ನೋಡಿ. ಒಳ್ಳೆಯ ವಕೀಲನಾಗುವ ಲಕ್ಷಣ ಅವನಲ್ಲಿ ಆಗಲೇ ಇತ್ತು. ನಾನು ಏನು ಮಾಡಿದೆ? ನನ್ನ ಪಾಲಿನ ಉಂಡಿ ತಿಂದೆ.

ಕೊನೆಯ ವರ್ಷ ಅವನಿಗೆ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಕುಂದಗೋಳದ ದೊಡ್ಡ ವಕೀಲ. ಮಗಳನ್ನೂ ಕೊಟ್ಟು, ಅಳಿಯನನ್ನು ತನ್ನ ಆಫೀಸಿನಲ್ಲೇ ಜೂನಿಯರ್ ಮಾಡಿಕೊಳ್ಳುವವನಿದ್ದ. ಆದರೆ ಹೆಣ್ಣು ಕೊಡುವವನು ಗಂಡಿನ ಮೋರೆಗಿಂತ ಮೊದಲು ಹೊಲದ ಪಹಣಿ-ಉತಾರ ನೋಡಿದ. ಊರಿಗೆಲ್ಲ ಒಳ್ಳೆಯದಾದ ಹಳ್ಳದ ದಂಡೆಯ ನಾಲ್ಕು ಎಕರೆ ಒಬ್ಬ ವಿಧವೆಯ ಹೆಸರಿನಲ್ಲಿತ್ತು. ಅದು ಹುಡುಗನ ಹೆಸರಿಗೆ ಬಂದ ಮೇಲೆ ಮುಂದಿನ ಮಾತು ಎಂದು ಹೇಳಿ ಕಳಿಸಿದ.

ಪರೀಕ್ಷೆ ಮುಗಿದ ದಿನ ಕೋಣೆ ಖಾಲಿ ಮಾಡುತ್ತಿದ್ದೆವು. ಶಂಕ್ರಪ್ಪ ಹೋಲ್ಡಾಲು ಕಟ್ಟುತ್ತ ನನ್ನ ಕಡೆ ನೋಡದೆಯೇ ಹೇಳಿದ, "ಆದಿತವಾರ ನಮ್ಮೂರಿಗೆ ಬಾ. ಅಕ್ಕ ನನ್ನ ಕೇಳಿದ ಮ್ಯಾಲೆ ನಿನ್ನೂ ಕೇಳತಾಳ. ಹೌದು ಅಂದ್ಬಿಡು, ಸಾಕು."

"ಏನು ಹೌದು ಅನ್ಲಿ?"

"ಕುಂಕುಮ ಹೋದ್ರ ಹೊಲಾನೂ ಹೋಗತೈತಿ. ಕಾಯ್ದಿನೂ ಅದನ್ನ ಹೇಳತೈತಿ. ಅಷ್ಟ."

"ಲೇ, ಅಣಕು ಕೋರ್ಟಿನ್ಯಾಗ ನೀನ ಏನ ಹೇಳಿದ್ದಿ?"

"ಅದು ಮಾರ್ಕ್ಸಿಗೆ. ಇದು ಬದುಕಿಗೆ," ಎಂದು ಹಗ್ಗ ಬಿಗಿದ. "ಮಾವನ ಆಫೀಸಿನ್ಯಾಗ ಎರಡ ಕುರ್ಚಿ ಖಾಲಿ ಅದಾವ ಇಸ್ಮಾಯಿಲ್ಯಾ. ಒಂದು ನಂದು. ಇನ್ನೊಂದು ಯಾರಿಗೆ ಅಂತ ನಾನ ಹೇಳಾಂವ."

ಕಾಳು ಹಸನು ಮಾಡುವವಳ ಮಗನನ್ನು, ಅದೂ ಸಾಬರ ಹುಡುಗನನ್ನು, ಯಾವ ದೊಡ್ಡ ವಕೀಲ ಕರೆದು ಕೂರಿಸಿಕೊಳ್ಳುತ್ತಾನೆ? ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಪರವಾಗಿ ನಾನು ಮಾಡಿದ ಮೊದಲ ವಾದ ಇದು. ಗೆದ್ದೆ.

ಆದಿತವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮೂರು ವರ್ಷದ ಹಿಂದೆ ನಕ್ಕಿದ್ದ ಹಿರಿಯರಲ್ಲಿ ಇಬ್ಬರು ಬಂದು ಕುಳಿತಿದ್ದರು. ರೇವವ್ವ ಕಂಬಕ್ಕೆ ಒರಗಿದ್ದಳು. ಮಹಾದೇವಕ್ಕ ಕೈ ಒರೆಸಿಕೊಳ್ಳುತ್ತ ಅಡಿಗೆ ಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಆಕೆಯ ಮುಖದಲ್ಲಿ ಹೆದರಿಕೆ ಇರಲಿಲ್ಲ. ಪಾಸಾಗುತ್ತೇನೆಂದು ಗೊತ್ತಿರುವವರು ಫಲಿತಾಂಶ ಕೇಳಲು ನಿಲ್ಲುವ ಹಾಗೆ ನಿಂತಿದ್ದಳು.

"ಹೇಳಪಾ ಶಂಕ್ರಾ. ಕಲಿತು ಬಂದಿ. ಏನ ಹೇಳತೈತಿ ಕಾಯ್ದಿ?"

ಶಂಕ್ರಪ್ಪ ಕೆಮ್ಮಲಿಲ್ಲ, ತಡವರಿಸಲಿಲ್ಲ. "ಕಾಯ್ದಿನೂ ಹಿರಿಯಾರು ಹೇಳಿದ್ದನ್ನ ಹೇಳತೈತಿ ಅಕ್ಕಾ. ಯಾವ ಕಾರಣಕ್ಕ ಹೊಲ ಕೊಟ್ಟಿರತಾರೋ ಆ ಕಾರಣ ತೀರಿದ ಮ್ಯಾಲೆ ಅದು ಕೊಟ್ಟವರಿಗೆ ತಿರುಗಬೇಕು. ನಾ ಏನ ಮಾಡ್ಲಿ? ಬರೆದಿದ್ದಂಗ ಹೇಳಬೇಕು."

ಮಹಾದೇವಕ್ಕ ನನ್ನ ಕಡೆ ತಿರುಗಿದಳು. "ಹೌದೇನೋ ಇಸ್ಮಾಯಿಲಾ? ನೀನೂ ಅದನ್ನ ಓದೀಯಲ್ಲ."

ಆಕೆಯ ಕೈಗೆ ಹಿಟ್ಟು ಹತ್ತಿತ್ತು. ನಾನು ಅದನ್ನೇ ನೋಡುತ್ತ ಹೇಳಿದೆ, "ಹೌದ್ರಿ ಅಕ್ಕಾ."

"ನೀನೂ ಅಂದ ಮ್ಯಾಲೆ ಮುಗೀತು," ಎಂದಳು. "ಹೆಬ್ಬೆಟ್ಟು ಒತ್ತಾಕ ಯಾವಾಗ ಬರಬೇಕು ನವಲಗುಂದಕ್ಕ?"

ರೇವವ್ವನಿಗೆ ಅಷ್ಟಕ್ಕೂ ತೃಪ್ತಿಯಾಗಲಿಲ್ಲ. "ಗಂಡನ್ನ ತಿಂದಿ, ಹೊಲಾನೂ ತಿಂದ್ಗಿಂದಿ ಅಂತ ನನಗ ಮೂರ ವರ್ಷದಿಂದ ಹೆದರಿಕಿ ಇತ್ತವಾ," ಎಂದಳು. ಹೆತ್ತ ತಾಯಿ ಇವಳು. ಮಹಾದೇವಕ್ಕ ಒಳಗೆ ಹೋಗಿ ತಾಟು ಹಾಕಿದಳು. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ನಾನು ಜಂತಿಯನ್ನೇ ಕಿತ್ತುಕೊಟ್ಟು, ಅದೇ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಎದ್ದೆ.

ಬುಧವಾರ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮುಗಿಯಿತು. ಪತ್ರವನ್ನು ಶಂಕ್ರಪ್ಪನೇ ಬರೆದಿದ್ದ, ಅವನ ಜೀವಮಾನದ ಮೊದಲ ಪತ್ರ. ತಂದೆ ತನಗೆ ಬಕ್ಷೀಸು ಕೊಟ್ಟ ಹೊಲವನ್ನು ತಾನು ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ, ತಮ್ಮನ ಮೇಲಿನ ಪ್ರೀತಿಯಿಂದ ಅವನಿಗೆ ಬಕ್ಷೀಸು ಕೊಟ್ಟಿದ್ದೇನೆ ಎಂದಿತ್ತು ಅದರಲ್ಲಿ. ಸಾಹೇಬರು ಓದಿ ಹೇಳಿ, ಖುಷಿಯಿಂದಲೇ ಕೊಡುತ್ತಿದ್ದೀರೇನು ಎಂದು ಕೇಳಿದರು. "ಹೌದ್ರಿ, ಕಾಯ್ದಿ ಪ್ರಕಾರ ನಡೀಬೇಕಲ್ರಿ," ಎಂದಳು. ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ರುಜು ಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಾಗ ಇಂಥ ರುಜು ಬೇಕಾಗುತ್ತದೆ.

ನನ್ನ ಕುರ್ಚಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಲಗ್ನವಾದ ಮರು ತಿಂಗಳು ಕುಂದಗೋಳಕ್ಕೆ ಹೋದರೆ ಅದರಲ್ಲಿ ವಕೀಲರ ಸೋದರಳಿಯ ಕುಳಿತಿದ್ದ. "ಮಾವ ಒಪ್ಪಲಿಲ್ಲೋ," ಎಂದು ಶಂಕ್ರಪ್ಪ ಚಹಾ ಕುಡಿಸಿ ಕಳಿಸಿದ. ಪರೀಕ್ಷೆಯಲ್ಲಿ ನನ್ನ ಎರಡು ಪೇಪರು ಪಾಸಾಗದೆ ಉಳಿದಿದ್ದವು. ಇನ್ನೂ ಉಳಿದಿವೆ.

ಮಹಾದೇವಕ್ಕನದು ಅಷ್ಟು ಬೇಗ ಮುಗಿಯಲಿಲ್ಲ. ತಮ್ಮನ ಲಗ್ನದಲ್ಲಿ ಐದು ದಿನ ರೊಟ್ಟಿ ಬಡಿದವಳನ್ನು ಅಕ್ಷತೆಯ ಹೊತ್ತಿಗೆ ಹಿತ್ತಲಲ್ಲಿ ಇರಿಸಿದರು. ಸೊಸೆ ಬಂದ ವರ್ಷವೇ ಆಕೆಯ ಹಾಸಿಗೆ ದನ ಕಟ್ಟುವ ಕಡೆಗೆ ಹೋಯಿತು. ಹತ್ತಿ ಬಿಡಿಸುವ ಕಾಲಕ್ಕೆ ಹಳ್ಳದ ದಂಡೆಯ ಹೊಲಕ್ಕೆ ಕೂಲಿ ಹೆಂಗಸರ ಜೊತೆ ಆಕೆಯನ್ನೂ ಕಳಿಸುತ್ತಿದ್ದರು. ಸಂಜೆ ಪ್ರತಿಯೊಬ್ಬಳೂ ಬಿಡಿಸಿದ್ದರಲ್ಲಿ ತನ್ನ ಪಾಲಿನ ಹತ್ತಿ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಮಹಾದೇವಕ್ಕ ಬಿಡಿಸಿದ್ದು ಮಾತ್ರ ಪೂರ್ತಿ ಮನೆಯ ರಾಶಿಗೆ ಬೀಳುತ್ತಿತ್ತು. ಮನೆಯವಳಿಗೆ ಎಂಥ ಪಾಲು ಎಂದು ಶಂಕ್ರಪ್ಪನ ಹೆಂಡತಿ ಕೇಳಿದಳಂತೆ. ಕೂಲಿಯವರೂ ಕನಿಕರಪಡುವ ಸ್ಥಿತಿ ಅದು. ಆಕೆ ಯಾರನ್ನೂ ಬೈಯಲಿಲ್ಲ. ಕಾಯ್ದೆ ಹಾಗಿದೆ, ಶಂಕ್ರ ತಾನೇ ಏನು ಮಾಡಿಯಾನು ಎಂದು ಕೇಳಿದವರಿಗೆ ಹೇಳುತ್ತಿದ್ದಳು.

ಎರಡು ವರ್ಷ ಮಾವನ ಕೈಕೆಳಗೆ ಪಳಗಿ, ಶಂಕ್ರಪ್ಪ ನವಲಗುಂದದಲ್ಲಿ ತನ್ನದೇ ಬೋರ್ಡು ಹಾಕಿದ. ದಿನಾ ತಿರ್ಲಾಪುರದಿಂದ ಮೋಟಾರ್‌ಸೈಕಲ್ಲಿನ ಮೇಲೆ ಬರುತ್ತಿದ್ದ. ಅವನ ಕಾಗದಪತ್ರಗಳನ್ನು ಟೈಪು ಮಾಡುವವನು ನಾನೇ. ಕಸ್ತೂರೆವ್ವ ಎಂಬ ವಿಧವೆಯ ದಾವೆಯೂ ನನ್ನ ಮಷೀನಿನಿಂದಲೇ ಹೋಯಿತು. ಆಕೆಯದೂ ಅರಿಷಿಣ-ಕುಂಕುಮದ ಹೊಲ. ಅಣ್ಣಂದಿರು ಬಿಟ್ಟುಕೊಡು ಎಂದು ಬಡಿದಿದ್ದರು, ಆಕೆ ಕೋರ್ಟಿಗೆ ಬಂದಿದ್ದಳು. ಶಂಕ್ರಪ್ಪ ಎದುರಿಗೆ ನಿಂತು ಹೇಳುತ್ತ ಹೋದ, ನಾನು ಬೆರಳು ಓಡಿಸುತ್ತ ಹೋದೆ: ವಿಧವೆಯ ಹಣೆಯ ಕುಂಕುಮ ಅಳಿಸಬಹುದು, ದಫ್ತರಿನಲ್ಲಿರುವ ಆಕೆಯ ಹೆಸರನ್ನು ಅಳಿಸಲಾಗದು. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾಚಿಕೆಯಿಂದಲ್ಲ, ಮುಂದಿನ ವಾಕ್ಯ ಯೋಚಿಸುತ್ತಿದ್ದ. ೧೯೮೯ರ ಚಳಿಗಾಲದಲ್ಲಿ ತೀರ್ಪು ಬಂತು. ಕಸ್ತೂರೆವ್ವ ಗೆದ್ದಳು.

ವಾರದ ಮೇಲೆ, ಸಂತೆಯ ದಿನ, ಮಹಾದೇವಕ್ಕ ನನ್ನ ಬೇವಿನ ಗಿಡ ಹುಡುಕಿಕೊಂಡು ಬಂದಳು. ಸ್ಟೂಲು ಸರಿಸಿದೆ. ಬೇಡವೆಂದು ನೆಲದ ಮೇಲೆ ಕುಳಿತಳು. ಮೂವತ್ತೆರಡರ ಹೆಂಗಸು ಐವತ್ತರವಳಂತೆ ಕಾಣುತ್ತಿದ್ದಳು.

"ಕಸ್ತೂರೆವ್ವ ಮನಿಗೆ ಬಂದಿದ್ಲು ಇಸ್ಮಾಯಿಲಾ. ಪೇಢೆ ತಂದು ಶಂಕ್ರನ ಕಾಲಿಗೆ ಬಿದ್ಲು. ಕುಂಕುಮ ಹೋದ್ರೂ ಹೊಲ ಹೋಗೂದಿಲ್ಲಂತ ಜಜ್ಜ ಸಾಹೇಬ್ರ ಮುಂದ ನಮ್ಮ ಶಂಕ್ರನ ಹೇಳಿ ಉಳಿಸಿಕೊಟ್ಟಾನಂತ. ನಾ ಅಲ್ಲೇ ಸಗಣಿ ಬಳ್ಯಾಕತ್ತಿದ್ದೆ." ಆಮೇಲೆ ಕೇಳಿದಳು, "ಈಗೀಗ ಕಾಯ್ದಿ ಬದಲಾಗೇತೇನು?"

ನನಗೆ ಪಾರಾಗುವ ದಾರಿಯನ್ನು ಆಕೆಯೇ ತೋರಿಸಿಕೊಟ್ಟಿದ್ದಳು. ಹೌದ್ರಿ ಎಂದಿದ್ದರೆ ಸಮಾಧಾನದಿಂದ ಎದ್ದು ಹೋಗುತ್ತಿದ್ದಳು, ತಮ್ಮನೂ ಅವಳ ಕಣ್ಣಲ್ಲಿ ಉಳಿಯುತ್ತಿದ್ದ, ನಾನೂ ಉಳಿಯುತ್ತಿದ್ದೆ. ಆದರೆ ಆ ಪದ ಎರಡನೆಯ ಸಲ ನನ್ನ ಬಾಯಿಂದ ಹೊರಡಲಿಲ್ಲ.

"ಇಲ್ರಿ ಅಕ್ಕಾ. ಐವತ್ತಾರನೇ ಇಸವಿಯ ಕಾಯ್ದಿ. ನಿಮ್ಮ ಲಗ್ನಕ್ಕಿಂತ ಮೊದಲಿಂದ ಐತಿ."

"ಶಂಕ್ರಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ನಿನಗ?"

"ನನಗೂ ಗೊತ್ತಿತ್ರಿ."

ಆಕೆ ಅಳಲಿಲ್ಲ. ನಾನೇ ಗಡಿಬಿಡಿಯಿಂದ ಮಾತಾಡತೊಡಗಿದೆ. ಮೋಸದಿಂದ ಬರೆಸಿದ ಪತ್ರ ರದ್ದಾಗುತ್ತದೆ, ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಮುದ್ದತು ಇದೆ, ಹುಬ್ಬಳ್ಳಿಯಲ್ಲಿ ಬೇರೆ ವಕೀಲರಿದ್ದಾರೆ, ಸಾಕ್ಷಿ ನಾನೇ ಹೇಳುತ್ತೇನೆ, ಅರ್ಜಿಗೆ ಇವತ್ತೇ ಹೆಬ್ಬೆಟ್ಟು ಒತ್ತಿದರೆ ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಎಲ್ಲ ಕೇಳಿಸಿಕೊಂಡಳು.

"ನಿನ್ನ ಮಾತ ಕೇಳಿ ಒಮ್ಮೆ ಒತ್ತೀನಿ," ಎಂದಳು. "ಮತ್ತೊಮ್ಮೆ ಒತ್ತು ಅಂತೀ."

ಅರ್ಜಿಗೆಂದು ತೆಗೆದಿದ್ದ ಕಾಗದವನ್ನು ನಾನು ತಿರುಗಿ ಕಟ್ಟಿಗೆ ಸೇರಿಸಿದೆ.

"ಶಂಕ್ರ ನನ್ನ ಬೆನ್ನಿಗೆ ಹುಟ್ಟಿದಾಂವ. ಅಂವಗ ಹೊಲ ಬೇಕಾಗಿತ್ತು, ತಗೊಂಡ. ಅದು ನನಗ ತಿಳೀತೈತಿ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ನೀ ಯಾಕ ಹೌದು ಅಂದ್ಯೋ ಇಸ್ಮಾಯಿಲಾ? ನಿನಗ ಏನ ಬೇಕಾಗಿತ್ತು?"

ಒಂದು ಕುರ್ಚಿ ಬೇಕಾಗಿತ್ತು, ಅದೂ ಸಿಗಲಿಲ್ಲ. ಇಷ್ಟೇ ಉತ್ತರ. ಆಕೆ ತಿಳಿಯಬೇಕೆಂದೇ ಕೇಳಿದ್ದಳು, ಉತ್ತರಕ್ಕಾಗಿ ಕಾದು ಕುಳಿತಳು. ಬಾಡಿಗೆ ಪತ್ರ ಬರೆಸಲು ಬಂದ ಇಬ್ಬರು ಆಕೆಯ ಹಿಂದೆ ನಿಂತು, ಜಾಗ ಬಿಡವಾ ಎಂದರು. ಆಕೆ ಅವರ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮಷೀನಿಗೆ ಹೊಸ ಕಾಗದ ಏರಿಸಿ, ಬಾಡಿಗೆದಾರನ ಹೆಸರು ಏನು ಎಂದು ಕೇಳಿದೆ.